ಬಿದ್ದಿಲ್ಲ, ಜಾರಿ ಕುಂತೆ

"ಏನವ್ವಾ, ಈ ವರ್ಷ ಎಲ್ಲ್ಯಾರ ಬಿದ್ದಿದ್ರೇನು?" ಅಂತ ಹಾವೇರಿ ಕಡೆಯ ಹಿರಿಯರನ್ನು ಕೇಳಿ ನೋಡಿ. "ಇಲ್ಲಪಾ, ಚಲೋ ಅದೀನಿ" ಅನ್ನುತ್ತಾರೆ. ನೀವು ಚಹಾ ಕುಡಿದು ಎದ್ದು ಹೊರಟಾಗ ಇನ್ನೊಂದು ಮಾತು ಬರುತ್ತದೆ: "ಬನ್ನಿ ಹಬ್ಬದಾಗ ಬಚ್ಚಲದಾಗ ಜಾರಿ ಕುಂತಿದ್ದೆ, ಅಷ್ಟ."

ಮುಪ್ಪಿನಲ್ಲಿ ಬೀಳುವುದನ್ನು ತಡೆಯಲು ಸಂಶೋಧನೆ ಮಾಡುವವರು ಕಾಯುವುದು ಈ "ಅಷ್ಟ"ಕ್ಕೆ. ತನಗೆ ಬೇಕಿಲ್ಲದೆ ಮನುಷ್ಯ ನೆಲಕ್ಕೆ ಬಂದರೆ ಅವರ ಲೆಕ್ಕದಲ್ಲಿ ಅದು ಬಿದ್ದಂತೆಯೇ, ಪೆಟ್ಟಾಗಿರಬೇಕೆಂದಿಲ್ಲ. ಜಾರಿ ಕುಂತವರನ್ನು ಬಿಟ್ಟರೆ ಟೊಂಕ ಮುರಿದು ಆಸ್ಪತ್ರೆ ಸೇರಿದವರಷ್ಟೇ ಲೆಕ್ಕಕ್ಕೆ ಸಿಗುತ್ತಾರೆ, ಆಗ ತಡೆಯುವ ಕಾಲ ಮೀರಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚು.

ನೆನಪನ್ನು ನಂಬಲಾಗದು ಎಂದೇ ಈ ಕೆಲಸದವರು ಮನೆಮನೆಗೆ ಕ್ಯಾಲೆಂಡರ್ ಕೊಡುತ್ತಾರೆ. ಬಿದ್ದ ದಿನ ಒಂದು ಗುರುತು, ತಿಂಗಳಿಗೊಮ್ಮೆ ಅದನ್ನು ತರಿಸಿಕೊಳ್ಳುವುದು, ಗುರುತಿದ್ದರೆ ಫೋನು ಮಾಡಿ ವಿಚಾರಿಸುವುದು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡುವ ನಮ್ಮ ಮನೆಗಳಿಗೆ ಇದೇನು ಹೊಸದಲ್ಲ.

ನನಗೆ ಇನ್ನೂ ಸೋಜಿಗವೆನಿಸಿದ್ದು ಅವರು ನಡಿಗೆಯನ್ನು ನೋಡುವ ರೀತಿ. 1991ರಲ್ಲಿ ಪ್ರಕಟವಾದ ಒಂದು ಪರೀಕ್ಷೆಗೆ ಬೇಕಾದದ್ದು ಕುರ್ಚಿ, ಗಡಿಯಾರ ಮತ್ತು ಮೂರು ಮೀಟರ್ ಜಾಗ. ಎದ್ದು, ನಡೆದು, ತಿರುಗಿ, ಬಂದು ಕೂರಬೇಕು. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಎಚ್ಚರ ಬೇಕು. ಇದನ್ನು ಓದಿಕೊಂಡು ರಾಣೆಬೆನ್ನೂರಿನ ದೊಡ್ಡವ್ವನ ಪಡಸಾಲೆಯಲ್ಲಿ ಮಾಡಿಸಿ ನೋಡಿದೆ. 14 ಸೆಕೆಂಡು. ಗಡಿಯಾರಕ್ಕಿಂತ ಹೆಚ್ಚು ಹೇಳಿದ್ದು ಆಕೆ ತಿರುಗಿದ ರೀತಿ: ಹೋಗುವಾಗ ಸರಾಗವಾಗಿದ್ದ ಹೆಜ್ಜೆ ತಿರುವಿನಲ್ಲಿ ಆರು ಪುಟ್ಟ ಹೆಜ್ಜೆಗಳಾಗಿ ಒಡೆಯಿತು, ಎಡಗೈ ತಾನಾಗಿ ಗೋಡೆ ಹುಡುಕಿತು. ನುರಿತ ಕಣ್ಣು ಮೊದಲು ಹಿಡಿಯುವುದು ಇದನ್ನೇ. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ಇನ್ನೂ ಸರಳವಾದದ್ದನ್ನು ಕಂಡುಕೊಂಡರು: ಹಿರಿಯರ ಜೊತೆ ನಡೆಯುತ್ತ ಮಾತು ತೆಗೆಯುವುದು. ಉತ್ತರ ಕೊಡಲು ನಿಂತುಬಿಟ್ಟವರು 12 ಜನ, ಅವರಲ್ಲಿ 10 ಮಂದಿ ಆರು ತಿಂಗಳೊಳಗೆ ಬಿದ್ದರು. ನಡೆಯುವುದಕ್ಕೇ ಪೂರ್ತಿ ಗಮನ ಬೇಕಾದವರಿಗೆ ಮಾತಾಡಲು ಗಮನ ಎಲ್ಲಿಂದ ಉಳಿಯಬೇಕು?

ಕುರ್ಚಿಯ ಪರೀಕ್ಷೆ ಕುರ್ಚಿಯ ಊರುಗಳದ್ದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂದರೆ ಹೆಂಗಸರು ರಾಶಿಯ ಮುಂದೆ ನೆಲಕ್ಕೆ ಕುಂತು ದಿನವಿಡೀ ತೊಟ್ಟು ಬಿಡಿಸುತ್ತಾರೆ. ಅವರ ಶಕ್ತಿ ತಿಳಿಯುವುದು ನೆಲದಿಂದ ಏಳುವಾಗ. ಬ್ರೆಜಿಲ್‌ನಲ್ಲಿ 51ರಿಂದ 80 ವಯಸ್ಸಿನ 2,002 ಜನರನ್ನು ಹೀಗೆ ಕೂರಿಸಿ ಎಬ್ಬಿಸಿ ನೋಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಒಟ್ಟು ಹತ್ತು ಅಂಕ. ನೆಲಕ್ಕೆ ಕೈ ಊರಿದರೆ ಒಂದು ಹೋಯಿತು, ಮೊಣಕಾಲಿಗೆ ಕೈ ಕೊಟ್ಟರೆ ಇನ್ನೊಂದು, ಓಲಾಡಿದರೆ ಅರ್ಧ. ಕಡಿಮೆ ಅಂಕ ಬಂದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವೂ ಹೆಚ್ಚಿತ್ತು. ನಮ್ಮಲ್ಲಿ ಇದಕ್ಕೆ ಬೇರೆ ಪ್ರಯೋಗಾಲಯ ಬೇಕಿಲ್ಲ, ಊಟದ ಪಂಕ್ತಿ ಸಾಕು.

ಬೀಳಲು ಕಾರಣ ಒಂದೇ ಇರುವುದಿಲ್ಲ. ಕಣ್ಣಿನ ಪೊರೆ, ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಪಾದ, ನಿದ್ದೆ ಗುಳಿಗೆ, ಪಾಚಿಗಟ್ಟಿದ ಬಚ್ಚಲು. "ಎದ್ದ ಕೂಡಲೇ ಕಣ್ಣಿಗೆ ಕತ್ತಲಿ ಬಂತು" ಅಂದವರನ್ನು ಐದು ನಿಮಿಷ ಮಲಗಿಸಿ ಬಿಪಿ ನೋಡಬೇಕು, ನಿಲ್ಲಿಸಿ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಅಂಕಿ 20ರಷ್ಟು ಇಳಿದರೆ ಆ ಕತ್ತಲಿಗೆ ಕಾರಣ ಸಿಕ್ಕಂತೆ. ಇದಕ್ಕೆಲ್ಲ ವಯಸ್ಸನ್ನೇ ದೂರುವುದು ನನಗೆ ಒಪ್ಪಿಗೆಯಿಲ್ಲ. 108 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2019ರ ವಿಮರ್ಶೆಯ ಪ್ರಕಾರ ವ್ಯಾಯಾಮದಿಂದ ಬೀಳುವುದು ಶೇ. 23ರಷ್ಟು ತಗ್ಗುತ್ತದೆ. ವ್ಯಾಯಾಮವೆಂದರೆ ಕುಂತು ಏಳುವುದು, ಆಸರೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದು. ತಿಂಗಳುಗಟ್ಟಲೆ ಬಿಡದೆ ಮಾಡಿಸುವುದೇ ಕಷ್ಟ.

ವರ್ಷಗಟ್ಟಲೆ ಬೆನ್ನು ಹತ್ತುವ ಇಂಥ ಸಹನೆಯನ್ನು ಕರ್ನಾಟಕದಲ್ಲೇ ಕಾಣಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ಸೇರಿಸಿಕೊಳ್ಳುವ ಗುರಿಯಿಟ್ಟು, ಮುಪ್ಪಿನಲ್ಲಿ ಮಿದುಳಿಗೆ ಏನಾಗುತ್ತದೆಂದು ತಿಳಿಯಲು ಅವರನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದಾರೆ. ರಾಗಿ ಹೊಲ, ಮಾವಿನ ತೋಪು ಬಿಟ್ಟು ಪರೀಕ್ಷೆಗೆ ಬರುವವರ ಉಪಕಾರವೂ ಸಣ್ಣದಲ್ಲ.

ಬಿದ್ದ ದಿನ ಗುರುತು ಹಾಕಲು ದೊಡ್ಡವ್ವನಿಗೂ ಒಂದು ಕ್ಯಾಲೆಂಡರ್ ಕೊಟ್ಟು ಬಂದಿದ್ದೆ. ಎರಡನೇ ತಿಂಗಳು ಅದರಲ್ಲಿ ಒಂದು ಮಂಗಳವಾರದ ಮೇಲೆ ಪೆನ್ಸಿಲ್ ಗೀಟು ಕಂಡಿತು. ಸಂಜೆ ದೀಪದ ಹೊತ್ತು, ಕರೆಂಟ್ ಹೋಗಿತ್ತು, ಹೊಸ್ತಿಲು ದಾಟುವಾಗ ಎಡವಿ ಕುಂತರಂತೆ. ಯಾವ ಕಾಲು ಮೊದಲು ಎತ್ತಿದ್ದಿರಿ ಎಂದು ಕೇಳಿದೆ. "ತಡಿ, ನೋಡ್ತೀನಿ" ಎನ್ನುತ್ತ ಎದ್ದು ಹೊಸ್ತಿಲ ಮುಂದೆ ಹೋಗಿ ನಿಂತರು, ಸೀರೆಯ ನಿರಿಗೆ ಒಂದು ಕೈಯಲ್ಲಿ ಹಿಡಿದು, ಬಲಗಾಲು ಎತ್ತಿದರು.