ಯಾವುದು ಆ ಕಲ್ಯಾಣ?

ಹಿಂಜವಾಡಿಯ ಕನ್ನಡ ಯುವಕ ಯುವತಿಯರೇ, ಪುಣೆಯಿಂದ ಮುಂಬಯಿಗೆ ರೈಲಿನಲ್ಲಿ ಹೋಗುವಾಗ ಘಟ್ಟ ಇಳಿದು ಕರ್ಜತ್ ದಾಟಿದ ಮೇಲೆ ಕಲ್ಯಾಣ್ ಜಂಕ್ಷನ್ ಸಿಗುತ್ತದಷ್ಟೆ. ನೂಕುನುಗ್ಗಲಿನ ಆ ಊರಿನಲ್ಲಿ ಸುಮಾರು 1,500 ವರ್ಷಗಳ ಹಿಂದೆ ಒಬ್ಬ ಕ್ರೈಸ್ತ ಬಿಷಪ್ ಇದ್ದರೆಂದರೆ ನಂಬುತ್ತೀರಾ?

ಕಲ್ಯಾಣವೆಂದೊಡನೆ ನಿಮ್ಮ ತಂದೆತಾಯಿಗಳಿಗೆ ಬಸವಣ್ಣನವರ ಕಲ್ಯಾಣ ನೆನಪಾದೀತು. ಅದು ಬೀದರ ಜಿಲ್ಲೆಯದು, ಸಮುದ್ರಕ್ಕೆ ಬಹುದೂರ. ಇದು ಉಲ್ಹಾಸ್ ನದಿಯ ಬಂದರು. ಒಂದನೆಯ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ನಾವಿಕರ ಕೈಪಿಡಿಯಲ್ಲೇ ಇದರ ಹೆಸರುಂಟು. ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಕಲ್ಯಾಣದವರು ಬೌದ್ಧ ಸಂಘಕ್ಕೆ ಕೊಟ್ಟ ದಾನಗಳಿವೆ.

ಬಿಷಪ್ಪರ ಸುದ್ದಿ ಹೇಳುವವನು ಅಲೆಕ್ಸಾಂಡ್ರಿಯದ ವರ್ತಕ ಕಾಸ್ಮಾಸ್. ಕ್ರಿ.ಶ. 550ರ ಸುಮಾರಿಗೆ, ಭೂಮಿ ಚಪ್ಪಟೆಯೆಂದು ಸಾಧಿಸಲು ಗ್ರಂಥ ಬರೆದ ಮಹಾನುಭಾವ! ಆದರೂ ಬಂದರುಗಳ ವಿಷಯದಲ್ಲಿ ಅವನ ಮಾತಿಗೆ ಬೆಲೆಯುಂಟು. ಕರಿಮೆಣಸು ಬೆಳೆಯುವ 'ಮಾಲೆ'ಯಲ್ಲಿ ಕ್ರೈಸ್ತರಿದ್ದಾರೆ, 'ಕಲ್ಲಿಯಾನ'ದಲ್ಲಿ ಪರ್ಷಿಯದಿಂದ ನೇಮಕವಾದ ಬಿಷಪ್ಪರೂ ಇದ್ದಾರೆ ಎನ್ನುತ್ತಾನೆ. ತಾಮ್ರ, ಮರ, ಬಟ್ಟೆ ಅಲ್ಲಿಂದ ಹೊರಗೆ ಹೋಗುತ್ತಿದ್ದ ಸರಕು. ಬಿಷಪ್ಪರೇ ಇದ್ದರೆಂದ ಮೇಲೆ ಹೋಗಿಬರುವ ನಾಲ್ಕಾರು ವರ್ತಕರಷ್ಟೇ ಅಲ್ಲ, ನೆಲೆಯೂರಿದ ಸಮುದಾಯವೇ ಇದ್ದಿರಬೇಕು. ಹಿರಿಯರನ್ನು ದೂರದ ನಾಡಿನಿಂದ ಕರೆಸಿಕೊಳ್ಳುವುದು, ಪರಊರಿನಲ್ಲಿ ಸಂಘ ಕಟ್ಟಿಕೊಂಡ ನಮಗೆ ಹೊಸದೇನಲ್ಲ ಬಿಡಿ.

ಇಲ್ಲೊಂದು ತಕರಾರು ಉಂಟು, ಅದೂ ನಮ್ಮವರದೇ. ಉಡುಪಿಯ ಬಳಿ ಸುವರ್ಣಾ ನದಿಯ ದಡದಲ್ಲಿ ಕಲ್ಯಾಣಪುರವಿದೆ. ಅಲ್ಲಿನ ಮಿಲಾಗ್ರಿಸ್ ಚರ್ಚು 2012ರಲ್ಲಿ ಉಡುಪಿ ಧರ್ಮಪ್ರಾಂತ್ಯದ ಪ್ರಧಾನ ದೇವಾಲಯವಾಯಿತು. ಕಾಸ್ಮಾಸ್ ಹೇಳಿದ್ದು ನಮ್ಮ ಊರನ್ನೇ ಎಂದು ಕರಾವಳಿಯ ಅನೇಕರು ನಂಬುತ್ತಾರೆ. ನನಗೂ ಹಾಗೆಯೇ ಆಗಲೆಂಬ ಆಸೆ. ಆದರೆ ಕಾಸ್ಮಾಸನ ಪಟ್ಟಿಯನ್ನು ನೀವೇ ನೋಡಿ: ಮೊದಲು ಸಿಂಧು, ಬಳಿಕ ಒರ್ರೋಥ, ಕಲ್ಲಿಯಾನ, ಸಿಬೋರ್, ಕೊನೆಗೆ ಮಾಲೆಯ ಐದು ಬಂದರುಗಳು. ಆ ಐದರಲ್ಲಿ ಮಂಗರೂಥ್, ಅಂದರೆ ನಮ್ಮ ಮಂಗಳೂರು, ಒಂದು. ಸಿಬೋರನ್ನು ಅಲಿಬಾಗಿನ ಹತ್ತಿರದ ಚೌಲ್ ಎಂದು ಗುರುತಿಸುತ್ತಾರೆ. ಪಟ್ಟಿ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದಾದರೆ ಕಲ್ಲಿಯಾನ ಚೌಲ್‌ಗಿಂತ ಮೇಲಿರಬೇಕು. ಊರಿನ ಅಭಿಮಾನ ಎಷ್ಟಿದ್ದರೂ ಪಟ್ಟಿ ಮಹಾರಾಷ್ಟ್ರದ ಕಡೆಗೇ ವಾಲುತ್ತದೆ.

ಆ ಸಮುದಾಯದ ಸುಳಿವು ಮತ್ತೆ ಸಿಗುವುದು ಶತಮಾನಗಳ ಬಳಿಕ, ಪಕ್ಕದ ಠಾಣೆಯಲ್ಲಿ. 1321ರಲ್ಲಿ ಅಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳು ಹತರಾದರು. ಸ್ವಲ್ಪ ಕಾಲದಲ್ಲೇ ಬಂದ ಇಟಲಿಯ ಪ್ರವಾಸಿ ಓದೋರಿಕ್ ಆ ಊರಿನಲ್ಲಿ ನೆಸ್ತೋರಿಯನ್ ಕ್ರೈಸ್ತರ ಮನೆಗಳಿದ್ದವೆಂದು ಬರೆದಿಟ್ಟಿದ್ದಾನೆ. ಅವನು ಹೇಳುವ ಲೆಕ್ಕ, ಹದಿನೈದು.