ಅಟ್ಟದ ಮೇಲಿನ ಕಾಗದದ ಪೆಟ್ಟಿಗೆ

ಕೊಳೆ ಔಷಧಿಯ ಎರಡನೇ ಸುತ್ತು ಮುಗಿದು, ಜಡಿಮಳೆಗೆ ತೋಟಕ್ಕಿಳಿಯಲಾಗದ ದಿನಗಳಲ್ಲಿ ಬೆಳೆಗಾರನಿಗೆ ತುಸು ಬಿಡುವು. ಅಂಥ ಬಿಡುವಿಗೆ ಒಪ್ಪುವ ಒಂದು ಹವ್ಯಾಸವನ್ನು ಸದಸ್ಯ ಬಾಂಧವರ ಗಮನಕ್ಕೆ ತರಬಯಸುತ್ತೇವೆ. ಅದು ತಂತಮ್ಮ ಮನೆತನದ ಚರಿತ್ರೆಯನ್ನು ಹುಡುಕಿ ಬರೆದಿಡುವುದು. ಇದಕ್ಕೆ ಖರ್ಚು ಕಡಿಮೆ, ತಾಳ್ಮೆ ಹೆಚ್ಚು ಬೇಕು.

ತಿಥಿಯ ದಿನ ಮೂರು ತಲೆಯ ಹೆಸರು ಹೇಳುತ್ತೇವೆ. ಅವರು ಬಾಳಿದ್ದು ಹೇಗೆಂದು ಮಕ್ಕಳು ಕೇಳಿದರೆ ಸೂರು ನೋಡುತ್ತೇವೆ. ನಾವೂ ಹಾಗೆಯೇ ಇದ್ದೆವು. ಮೂರು ವರ್ಷದ ಹಿಂದೆ ಹೆಂಚು ಕೈಯಾಡಿಸಲು ಅಟ್ಟ ಹತ್ತಿದಾಗ ಕಾಗದದ ಪೆಟ್ಟಿಗೆಯೊಂದು ಸಿಕ್ಕಿತು. ಅರ್ಧ ಗೆದ್ದಲು ತಿಂದದ್ದು, ಉಳಿದರ್ಧದಲ್ಲಿ ಹೆಚ್ಚಿನದು ಮೋಡಿ ಅಕ್ಷರದ್ದು. ಓದಲು ಬಂದ ಒಂದು ಚೀಟಿಯಲ್ಲಿ, ಅಡವಿಟ್ಟ ತೋಟವನ್ನು ಸಾಲ ತೀರಿಸಿ ಬಿಡಿಸಿಕೊಂಡ ವಿವರವಿತ್ತು. ತಾರೀಖಿನ ಜಾಗದಲ್ಲಿ ‘ತಾರಣ ಸಂವತ್ಸರದ ಕಾರ್ತಿಕ ಬಹುಳ ಬಿದಿಗೆ’ ಎಂದಷ್ಟೇ ಇತ್ತು.

ಮೊದಲ ತೊಡಕು ಇಲ್ಲಿಯೇ. ಸಂವತ್ಸರಗಳು ೬೦, ಸುತ್ತು ಮುಗಿದರೆ ಅದೇ ಹೆಸರು ಮರಳಿ ಬರುತ್ತದೆ. ತಾರಣ ೧೮೮೪ರಲ್ಲೂ ಬಂತು, ೧೯೪೪ರಲ್ಲೂ ಬಂತು. ಪಕ್ಕದಲ್ಲಿ ಬೇರೊಂದು ಗುರುತಿದ್ದರೆ ವರ್ಷ ನಿಲ್ಲುತ್ತದೆ. ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರ ಎಂದರೆ ಅದು ೧೮೭೬-೭೮ರ ದೊಡ್ಡ ಬರ. ನಮ್ಮ ಚೀಟಿಯಲ್ಲಿ ಅಂಥದ್ದೇನೂ ಇರಲಿಲ್ಲ. ಹೆಮ್ಮೆಗೆ ಬಿದ್ದು ೧೮೮೪ ಎಂದೇ ಹಿಡಿದು ನೆಂಟರಿಷ್ಟರಿಗೆಲ್ಲ ಹೇಳಿದೆವು.

ತೊಂಬತ್ತರ ಹತ್ತಿರದ ನಮ್ಮ ಸೋದರತ್ತೆ ಕೇಳಿ ನಕ್ಕರು. “ಎಂಥ ಎಂಬತ್ತನಾಲ್ಕು ಮಾರಾಯ! ಅಜ್ಜಿ ಕೊರಳಿನ ಅವಲಕ್ಕಿ ಸರ ಬಿಚ್ಚಿ ಕೊಟ್ಟದ್ದನ್ನು ನಾನೇ ಕಂಡಿದ್ದೇನೆ. ಅದಿಲ್ಲದಿದ್ದರೆ ನಿಮಗೆ ತೋಟ ಎಲ್ಲಿರುತ್ತಿತ್ತು?”

ಚೀಟಿಯಲ್ಲಿದ್ದುದು ಮುತ್ತಜ್ಜನ ಸಹಿ ಮಾತ್ರ. ಮನೆಯ ವಂಶವೃಕ್ಷದಲ್ಲಿ ಹೆಂಗಸರ ಹೆಸರೇ ಇಲ್ಲ. ತೋಟ ಉಳಿಸಿದವರು ಯಾರೆಂಬುದು ಅತ್ತೆಯೊಬ್ಬರ ನೆನಪಿನಲ್ಲಿತ್ತು. ಮುಂದಿನ ಮಳೆಗಾಲಕ್ಕೆ ಅತ್ತೆ ಇರಲಿಲ್ಲ.

ಮನೆಯ ಹೊರಗೂ ಹುಡುಕುವ ದಾರಿಗಳಿವೆ. ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರ, ವಿಭಾಗಪತ್ರಗಳ ನಕಲು, ತಾಲೂಕು ಕಚೇರಿಯಲ್ಲಿ ಹಳೆಯ ಪಹಣಿ, ಶಾಲೆಯಲ್ಲಿ ದಾಖಲಾತಿ ಪುಸ್ತಕ ನೋಡಬಹುದು. ಶಾಲೆಯ ಹುಟ್ಟಿದ ತಾರೀಖನ್ನು ಮಾತ್ರ ಪೂರ್ತಿ ನಂಬಬೇಡಿ. ಮೇಷ್ಟರು ಅಂದಾಜಿನಲ್ಲಿ ಬರೆದದ್ದು ಬಹಳ.

ಪೆಟ್ಟಿಗೆಯಿಲ್ಲದ ಮನೆಗಳಿಗೂ ಚರಿತ್ರೆ ಉಂಟು. ೧೯೭೪ರ ಭೂಸುಧಾರಣೆಯ ಬಳಿಕ ಗೇಣಿದಾರರು ೭ನೇ ನಮೂನೆಯಲ್ಲಿ ಸಲ್ಲಿಸಿದ ಅರ್ಜಿ, ಭೂನ್ಯಾಯಮಂಡಳಿಯ ಮುಂದೆ ಕೊಟ್ಟ ಹೇಳಿಕೆಗಳನ್ನು ಹುಡುಕಿ ನೋಡಬೇಕು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು, ಶರಾವತಿಯ ಹಿನ್ನೀರಿಗೆ ಮನೆ ಬಿಟ್ಟು ಬಂದವರಿಗೆ ತೋರಿಸಲು ಊರೇ ಉಳಿದಿಲ್ಲ. ಅಂಥಲ್ಲಿ ಹಿರಿಯರ ಬಾಯಿಂದಲೇ ಮನೆ, ಬಾವಿ, ತೋಟದ ದಾರಿಯ ನಕ್ಷೆ ಬರೆಸಿಕೊಳ್ಳಬೇಕು.

ಇನ್ನೊಂದು ಕಷ್ಟವನ್ನೂ ಹೇಳಿಬಿಡುತ್ತೇವೆ. ಹಳೆಯ ಕಾಗದ ಕೇಳಿದೊಡನೆ ದಾಯಾದಿಗಳಿಗೆ ಪಾಲಿನ ಗುಮಾನಿ ಬರುತ್ತದೆ. ಉದ್ದೇಶವನ್ನು ಮೊದಲೇ ತಿಳಿಸಿ, ಮೂಲಪ್ರತಿಯನ್ನು ಅವರಲ್ಲೇ ಬಿಟ್ಟು, ಫೋಟೋ ಮಾತ್ರ ತೆಗೆದುಕೊಳ್ಳುವುದು ಲೇಸು. ನಮಗಂತೂ ಇದರಿಂದ, ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಮನೆಯೊಂದರ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುವ ಯೋಗ ಬಂತು.

ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನು ತಪ್ಪದೆ ಬರೆದುಕೊಳ್ಳಿ. ಅತ್ತೆಯ ಮಾತನ್ನು ನಾವು ಅಂದು ಸಂಜೆಯೇ ಬರೆದಿಟ್ಟೆವು, ಅದರಿಂದ ಉಳಿಯಿತು. ವಂಶವೃಕ್ಷದಲ್ಲಿ ಈಗ ಮುತ್ತಜ್ಜನ ಪಕ್ಕ ಮುತ್ತಜ್ಜಿಯ ಹೆಸರೂ ಇದೆ. ಪೆಟ್ಟಿಗೆಯ ಕಾಗದ ಇನ್ನೊಂದು ಮಳೆಗಾಲ ಕಾಯಬಹುದು, ಹಿರಿಯರು ಕಾಯಲಾರರು. ಆದ್ದರಿಂದ ಈ ಸಲದ ಕೊಯ್ಲು ಶುರುವಾಗುವ ಮುನ್ನ ಒಂದು ಮಧ್ಯಾಹ್ನ ಅವರ ಹತ್ತಿರ ಕುಳಿತುಕೊಳ್ಳಿ.