ಐವರ ಮೇಲಷ್ಟೇ ಕಣ್ಣು

"ಒಂದೇ ಆಟಕ್ಕೆ ನೂರಾರು ಜನ ಸೇರಿದರೆ ನೆಟ್ ಯಾಕೆ ಮಾವ ತಡವರಿಸುತ್ತೆ?" ಮೊಬೈಲಿನಿಂದ ತಲೆಯೆತ್ತದೆ ಸೋದರಳಿಯ ಕೇಳಿದ.

ಇದು ಗುಣಾಕಾರ ತಂದಿಟ್ಟ ಪೇಚು. ಒಬ್ಬ ಓಡಿದ, ಜಿಗಿದ ಎಂಬ ಸುದ್ದಿ ಉಳಿದವರಿಗೆಲ್ಲ ಮುಟ್ಟಬೇಕು. ಹತ್ತು ಮಂದಿಯಿದ್ದರೆ ಒಂದು ಸುತ್ತಿಗೆ 90 ಸುದ್ದಿ. 900 ಮಂದಿಯಿದ್ದರೆ 8,09,100. ಕ್ವೇಕ್‌ನಂಥ ಬಿರುಸಿನ ಆಟದಲ್ಲಿ ಸೆಕೆಂಡಿಗೆ 20 ಸುತ್ತು. ಲೆಕ್ಕ 1.6 ಕೋಟಿ ದಾಟಿತು.

2008ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ, ಮೈಕ್ರೋಸಾಫ್ಟ್ ರಿಸರ್ಚ್‌ನವರಿದ್ದ ತಂಡವೊಂದು ಇದಕ್ಕೆ ಹೂಡಿದ ಉಪಾಯ ನನಗೆ ಬಹಳ ಇಷ್ಟ. ಅದರ ಹೆಸರು ಡಾನಿಬ್ರೂಕ್. ಡಬ್ಲಿನ್‌ನ ಡಾನಿಬ್ರೂಕ್ ಜಾತ್ರೆ ಹೊಡೆದಾಟಕ್ಕೆ ಎಷ್ಟು ಕುಖ್ಯಾತವಾಗಿತ್ತೆಂದರೆ, ಇಂಗ್ಲಿಷಿನಲ್ಲಿ ದೊಂಬಿಗೇ ಆ ಹೆಸರು ಬಂತು.

ಉಪಾಯದ ಬೇರಿರುವುದು ಮನುಷ್ಯನ ಗಮನಕ್ಕಿರುವ ಮಿತಿಯಲ್ಲಿ. ಗಮನಕ್ಕೆ ನಮ್ಮಲ್ಲಿ ಅವಧಾನ ಎಂಬ ಮಾತಿದೆಯಷ್ಟೆ. ಅಷ್ಟಾವಧಾನ ನೋಡಿದವರಿಗೆ ಗೊತ್ತು: ಎಂಟು ಪೃಚ್ಛಕರಲ್ಲಿ ಒಬ್ಬರದು ಸಮಸ್ಯಾಪೂರಣ, ಇನ್ನೊಬ್ಬರದು ದತ್ತಪದಿ, ನಡುನಡುವೆ ಅಪ್ರಸ್ತುತ ಪ್ರಸಂಗದವರ ಕೀಟಲೆ. ಎಂಟನ್ನು ನಿಭಾಯಿಸಿದರೆ ಸಭೆ ಚಪ್ಪಾಳೆ ತಟ್ಟುತ್ತದೆ. ಆದರೆ ಅವಧಾನಿಯೂ ಒಂದು ಗಳಿಗೆಗೆ ಒಬ್ಬರಿಗೇ ಕಿವಿಗೊಡುವುದು. ಹಾಗಿರುವಾಗ ಗುಂಡು ತಪ್ಪಿಸಿಕೊಂಡು ಓಡುವ ಹುಡುಗನ ಪಾಡೇನು? ಒಂದು ಹೊತ್ತಿಗೆ ಐವರು ಎಂದಿತು ತಂಡ.

ಆ ಐವರು ಯಾರು? ಕಣ್ಣಿನ ಚಲನೆ ಹಿಡಿಯುವ ಕ್ಯಾಮೆರಾ ಇಲ್ಲಿಲ್ಲ, ಊಹೆಯೇ. ಹತ್ತಿರ ಇರುವವನು, ಗುರಿಗೆ ಸಿಕ್ಕುತ್ತಿರುವವನು, ಈಗಷ್ಟೇ ಕಾದಾಡಿದವನು. ಇವರ ಸುದ್ದಿ ಪೂರ್ತಿ ವೇಗದಲ್ಲಿ ಬರುತ್ತದೆ. ಉಳಿದವರದು ಸೆಕೆಂಡಿಗೊಂದು ಸುಳಿವು ಮಾತ್ರ. ಆ ಸುಳಿವನ್ನು ಹಿಡಿದು ನಿಮ್ಮ ಕಂಪ್ಯೂಟರೇ ಒಂದು ಗೊಂಬೆಯನ್ನು ಓಡಾಡಿಸುತ್ತಿರುತ್ತದೆ. ನೀವು ಅತ್ತ ತಿರುಗಿದಿರೋ, ಗೊಂಬೆ ಸದ್ದಿಲ್ಲದೆ ಅಸಲಿ ಆಟಗಾರನ ಜಾಗಕ್ಕೆ ಜರುಗುತ್ತದೆ. ಮೋಸವೇ, ಆದರೆ ನಯವಾದ ಮೋಸ. 1.6 ಕೋಟಿ ಹೀಗೆ ಸುಮಾರು 9 ಲಕ್ಷಕ್ಕೆ ಇಳಿಯುತ್ತದೆ.

ಒಂದು ಮಾತು: ಕ್ವೇಕ್ 3ನ್ನೇ ಮಾರ್ಪಡಿಸಿ ನಿಜವಾದ ಜನರಿಂದ ಆಡಿಸಿ ನೋಡಿದರು, ಸರಿ. 900 ಮಂದಿಯ ಕಾಳಗ ಮಾತ್ರ ಕಂಪ್ಯೂಟರ್ ಸಿಮ್ಯುಲೇಶನ್ನಿನಲ್ಲಿ ನಡೆದದ್ದು. 2021ರಿಂದೀಚೆಗೆ ಮೆಟಾವರ್ಸ್ ಎಂದು ಡಂಗುರ ಸಾರಿದವರು ಇಷ್ಟು ಪ್ರಾಮಾಣಿಕವಾಗಿ ಲೆಕ್ಕ ಒಪ್ಪಿಸಿದ್ದನ್ನು ನಾನಂತೂ ಕಾಣೆ.

ನಿಜವಾದ ತೊಡಕು ಬೇರೆಡೆ ಇದೆ. ಗಮನ ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಬಾವುಟ ಕಸಿಯುವ ಆಟವಾದರೆ, ಅದನ್ನು ಹೊತ್ತು ಓಡುವವನ ಮೇಲೆ ಎಲ್ಲರ ಕಣ್ಣು. ಇಲ್ಲಿ ನಡುವೆ ದೊಡ್ಡ ಸರ್ವರ್ ಇಲ್ಲ, ಸುದ್ದಿ ಹೋಗಬೇಕಾದದ್ದು ಅವನ ಮನೆಯ ಸಂಪರ್ಕದಿಂದಲೇ. ಅದು ಉಸಿರುಕಟ್ಟದಿರಲೆಂದು, ಪುರುಸೊತ್ತಿರುವ ಬೇರೆ ಆಟಗಾರರ ಕಂಪ್ಯೂಟರುಗಳು ಅವನ ಸುದ್ದಿಯನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಬಾವುಟ ಇನ್ನೊಬ್ಬನ ಕೈಗೆ ಹೋದ ಕೂಡಲೇ ಈ ಸಾಲೂ ಬದಲಾಗಬೇಕು, ಆಟ ಎಲ್ಲೂ ನಿಲ್ಲದಂತೆ.